ಕೆಮ್ಮಣ್ಣಿನ ಬೇಲಿ

ಮೇಷ್ಟ್ರು ಹೋದ ಸುದ್ದಿಯನ್ನು ನನಗೆ ತಲುಪಿಸಿದ್ದು ನಮ್ಮವ್ವ. ಶ್ರೀರಂಗಪಟ್ಟಣದ ಕೋರ್ಟಿನ ವರಾಂಡದಲ್ಲಿ ಕಕ್ಷಿದಾರನೊಬ್ಬನಿಗೆ ಮುಂದಿನ ತಾರೀಖಿನ ಬಗ್ಗೆ ಸಮಾಧಾನ ಹೇಳುತ್ತಾ ನಿಂತಿದ್ದೆ. ಫೋನು ಬಂತು.

"ಪಾಂಡವಪುರದ ಡ್ರಾಯಿಂಗ್ ಮೇಷ್ಟ್ರು ಓಗ್ಬುಟ್ರಂತೆ ಕಣ್ಮಗ. ಬೆಳಿಗ್ಗೆ ಎದ್ದೇ ಇಲ್ವಂತೆ. ಮಣ್ಣಿಗೆ ಓಗ್ಬುಟ್ಟು ಬಾ."

"ನೀನೂ ಬಾವ್ವ. ಬಾಬುರಾಯನಕೊಪ್ಪಲಿಂದ ಇಲ್ಲಿಗೆ ಆಟೋ ಹತ್ತು, ಒಟ್ಟಿಗೆ ಹೋಗೋಣ."

"ನಾನೆಂಗ್ ಬರ್ಲಿ? ನಂಗೆ ಬರ್ದವ್ರಲ್ವಾ ಅವ್ರು."

"ಸತ್ತೋರ ಮನೆಗೂ ಬ್ಯಾಡ್ವಾ?"

"ಯಾರ್ ಮನೆಗಾದ್ರೂ ಬತ್ತೀನಿ, ಅವ್ರ ಮನೆಗೆ ಬ್ಯಾಡ. ನಿನ್ ಲಾಯರ್ ಪಾಯಿಂಟೆಲ್ಲ ಜಡ್ಜ್ ಮುಂದೆ ಮಡುಗು. ಓಗಿ ನನ್ನೆಸ್ರಲ್ಲೂ ಒಂದು ಊವಿನ ಆರ ಆಕ್ಬುಡು."

ಅವ್ವ ಅಳುತ್ತಿದ್ದಳು. ಅಳುತ್ತಲೇ ಬರುವುದಿಲ್ಲ ಎಂದಳು. ಈ ವಿಚಿತ್ರವನ್ನು ಮೊದಲು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಈ ಮನುಷ್ಯ ನಿಮಗೆ ಅರ್ಥವಾಗುವುದಿಲ್ಲ.

ನಮ್ಮ ಕಡೆ ಸರ್ಪಸುತ್ತು ಎದ್ದರೆ ಕೆಮ್ಮಣ್ಣು ಬರೆಸುತ್ತಾರೆ. ಸೊಂಟಕ್ಕೋ ಬೆನ್ನಿಗೋ ಒಂದು ಪಟ್ಟಿಯಂತೆ ಗುಳ್ಳೆ ಎದ್ದು ಬೆಂಕಿಯಂತೆ ಉರಿಯುವ ರೋಗ ಅದು. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಮಾಡಿ ಹೋದ ವೈರಾಣು ನರದ ಬುಡದಲ್ಲಿ ಅಡಗಿ ಕೂತು, ಮೈ ಸೋತ ಕಾಲಕ್ಕೆ ಎದ್ದು ಬರುತ್ತದೆ ಎನ್ನುವುದು ಡಾಕ್ಟರರ ಮಾತು. ಹಾವು ಮೈ ಸುತ್ತುತ್ತಿದೆ, ಅದರ ತಲೆ ಬಾಲ ಕೂಡಿದರೆ ಆಳು ಉಳಿಯುವುದಿಲ್ಲ ಎನ್ನುವುದು ಊರಿನ ಮಾತು. ಅದಕ್ಕೇ ತಲೆಯ ಮುಂದೆ, ಬಾಲದ ಹಿಂದೆ, ಸುತ್ತಲೂ ಕೆಮ್ಮಣ್ಣಿನಲ್ಲಿ ಒಂದು ಗೆರೆ. ಬೇಲಿ ಹಾಕುವುದು ಎನ್ನುತ್ತಿದ್ದರು ಮೇಷ್ಟ್ರು. ಅವರಿಗೆ ಅದು ತಾಯಿಯಿಂದ ಬಂದದ್ದು. ಕಾಸು ಮುಟ್ಟುತ್ತಿರಲಿಲ್ಲ. ಮನೆಯ ಕಟ್ಟಳೆ ಎರಡೇ: ಬರೆಯುವವನು ತನಗೆ ತಾನೇ ಬರೆದುಕೊಳ್ಳಬಾರದು; ಬರೆಸಿಕೊಂಡವರು ವಾಸಿಯಾದ ಮೇಲೆ ಆ ಹೊಸ್ತಿಲಿಗೆ ಮತ್ತೆ ಬರಬಾರದು. ಬಂದರೆ ಬಿಟ್ಟುಹೋದ ಹಾವು ಜೊತೆಗೇ ವಾಪಸು ಬರುತ್ತದೆ. ಹೊರಡುವಾಗ "ಬತ್ತೀನಿ" ಎಂದು ಸಹ ಅನ್ನುವಂತಿಲ್ಲ. ಸುಮ್ಮನೆ ಎದ್ದು, ತಿರುಗಿ ನೋಡದೆ ನಡೆಯಬೇಕು.

ಹೀಗಾಗಿ ಮಣ್ಣಿಗೆ ಬಂದವರು ಕೈಬೆರಳೆಣಿಕೆ. ಶಾಲೆಯ ಹಳೆಯ ಒಂದಿಬ್ಬರು ಮೇಷ್ಟ್ರುಗಳು, ಪಕ್ಕದ ಮನೆಯ ಜಯಕ್ಕ, ದೂರದ ಸಂಬಂಧದ ಒಬ್ಬ ಮನುಷ್ಯ, ನಾನು. ರಸ್ತೆಯ ಆಚೆ ಬದಿಯಲ್ಲಿ ಮಾತ್ರ ಬಹಳ ಜನ ನಿಂತಿದ್ದರು. ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದಲೂ ಬಂದಿದ್ದರಂತೆ. ಹಾರಗಳನ್ನು ಹಿಡಿದುಕೊಂಡೇ ನಿಂತಿದ್ದರು. ಈಚೆಗೆ ದಾಟಲಿಲ್ಲ. ಜಯಕ್ಕ ಹೋಗಿ ಎಲ್ಲರ ಕೈಯಿಂದ ಹಾರ ಇಸಿದುಕೊಂಡು ಬಂದು ಹಾಕಿದರು.

ಮೇಷ್ಟ್ರು ಬದುಕಿದ್ದಾಗಲೂ ಹೀಗೇ ಇತ್ತು. ಪಾಂಡವಪುರದ ಸಂತೆಯಲ್ಲಿ ಒಮ್ಮೆ ಅವರ ಜೊತೆ ನಡೆಯುತ್ತಿದ್ದೆ. ಅವರೆಕಾಯಿ ಆರಿಸುತ್ತಿದ್ದ ಒಬ್ಬಾತ ಇವರನ್ನು ಕಂಡದ್ದೇ ಚೀಲ ಎತ್ತಿಕೊಂಡು ಇನ್ನೊಂದು ಸಾಲಿಗೆ ಹೋದ. ಮೇಷ್ಟ್ರು ಅವನನ್ನು ಹಿಂದಿನಿಂದ ನೋಡಿ, "ಅಗೋ, ಆ ಬೆನ್ನು ನಂದು" ಎಂದರು. ಅವರಿಗೆ ಜನರ ಮುಖ ಮರೆಯುತ್ತಿತ್ತು, ಬೆನ್ನು ಮರೆಯುತ್ತಿರಲಿಲ್ಲ. ಯಾರದೋ ಎಡಭುಜದ ಕೆಳಗೆ ಗೆರೆ ಎಳೆಯುವಾಗ ಬ್ರಶ್ಶು ಜಾರಿದ್ದು, ಯಾರದೋ ಪಕ್ಕೆಯ ಮೂಳೆ ಎಣಿಸುವ ಹಾಗಿದ್ದದ್ದು, ಎಲ್ಲ ನೆನಪು.

"ನಾನು ಚೆನ್ನಾಗ್ ಬರ್ದಷ್ಟೂ ನಂಗೆ ಜನ ಕಮ್ಮಿ ಆಯ್ತಾರೆ ಕಣಮ್ಮಿ" ಎಂದು ನಕ್ಕರು. ಆಮೇಲೆ ಅವರೆಕಾಯಿ ಕೊಳ್ಳುವುದು ಮರೆತು ಮನೆಗೆ ಬಂದೆವು.

*

ನನಗೆ ಅವರ ಮೊದಲ ಪರಿಚಯ ಆದದ್ದು ಗಂಟೆಯಿಂದ. ಹೈಸ್ಕೂಲನ್ನು ನಾನು ಪಾಂಡವಪುರದಲ್ಲಿ ಅಜ್ಜಿಯ ಮನೆಯಲ್ಲಿದ್ದುಕೊಂಡು ಓದಿದೆ. ನಮ್ಮ ಶಾಲೆಯಲ್ಲಿ ಡ್ರಾಯಿಂಗ್ ಪೀರಿಯಡ್ಡು ಅಂದರೆ ಗಣಿತದವರು ಕಿತ್ತುಕೊಳ್ಳುವ ಪೀರಿಯಡ್ಡು. ಕೆಲಸವಿಲ್ಲದ ಮೇಷ್ಟ್ರಿಗೆ ಉಳಿದವರು ತಮಗೆ ಬೇಡದ ಕೆಲಸ ಒಪ್ಪಿಸುತ್ತಿದ್ದರು. ಚರ್ಚಾಸ್ಪರ್ಧೆಯಲ್ಲಿ ಗಂಟೆ ಹೊಡೆಯುವುದು ಅದರಲ್ಲೊಂದು. ಮೇಜಿನ ಮೂಲೆಯಲ್ಲಿ ಕೂತು, ಗಡಿಯಾರ ನೋಡಿ, ಒಮ್ಮೆ ಎಚ್ಚರಿಕೆಗೆ, ಒಮ್ಮೆ ಮುಕ್ತಾಯಕ್ಕೆ. ಅಷ್ಟೇ ಕೆಲಸ. ಅದರಲ್ಲೂ ಅವರು ಅನ್ಯಾಯ ಮಾಡಿದರು.

ನನ್ನ ವಾದ ಇನ್ನೂ ಏರುತ್ತಿತ್ತು, ಗಂಟೆ ಬಿತ್ತು. ನನ್ನ ನಂತರ ಬಂದ ಹುಡುಗ ಬಾಯಿಪಾಠ ಮರೆತು ಛಾವಣಿ ನೋಡುತ್ತಾ ನಿಂತ. ಅವನಿಗೆ ಗಂಟೆಯೇ ಬೀಳಲಿಲ್ಲ. ನಾನು ನೇರವಾಗಿ ಹೋಗಿ ಕೇಳಿದೆ.

"ನನಗೆ ಮಾತ್ರ ಬೇಗ ಹೊಡೆದ್ರಿ ಸಾ."

"ಊಂ ಕಣಮ್ಮಿ, ಒಡುದೆ."

"ರೂಲ್ಸ್ ಎಲ್ಲರಿಗೂ ಒಂದೇ ಅಲ್ವಾ?"

"ನಿನ್ನ ಅರ್ಧಕ್ಕೆ ನಿಲ್ಸಿದ್ರೆ ಜಗಳ ಆಡ್ತೀಯ. ಈಗ ಆಡ್ತಾ ಇದೀಯಲ್ಲ, ಅಂಗೆ. ಆ ಉಡ್ಗ ಅತ್ಬುಡ್ತಿದ್ದ."

ಹೆಡ್‌ಮಾಸ್ಟರಿಗೆ ದೂರು ಕೊಟ್ಟೆ. ಏನೂ ಆಗಲಿಲ್ಲ. ಆದರೆ ಅಂದಿನಿಂದ ಮೇಷ್ಟ್ರು ದಾರಿಯಲ್ಲಿ ಸಿಕ್ಕಾಗಲೆಲ್ಲ "ಏನಮ್ಮಿ, ದೂರು ಏನಾಯ್ತು?" ಎಂದು ಕೇಳುತ್ತಿದ್ದರು. ಗೆದ್ದವರ ದನಿಯಲ್ಲ ಅದು, ಮಾತು ಮುಂದುವರಿಯಲಿ ಎನ್ನುವವರ ದನಿ. ನನಗದು ಬಹಳ ತಡವಾಗಿ ತಿಳಿಯಿತು.

ಅವ್ವನಿಗೆ ಸರ್ಪಸುತ್ತು ಎದ್ದದ್ದು ಅದೇ ಕಾಲದಲ್ಲಿ. ಅಜ್ಜಿ ಹಟ ಹಿಡಿದು ಮೇಷ್ಟ್ರ ಜಗಲಿಗೆ ಕರೆದುಕೊಂಡು ಹೋದಳು. ಜಯಕ್ಕ ಬೆಡ್‌ಶೀಟು ಅಡ್ಡ ಹಿಡಿದರು. ಕರಿಘಟ್ಟದ ಬುಡದಿಂದ ತಂದ ಕೆಮ್ಮಣ್ಣನ್ನು ಬಟ್ಟಲಲ್ಲಿ ಕಲಸಿಕೊಂಡು, ಗುಳ್ಳೆಗೆ ತಾಗದಂತೆ, ಆಚೆಯ ಒಳ್ಳೆಯ ಚರ್ಮದ ಮೇಲೆ, ಸಣ್ಣ ಬ್ರಶ್ಶಿನಲ್ಲಿ ಮೇಷ್ಟ್ರು ಗೆರೆ ಎಳೆದರು. ಬೇರೆ ಕಡೆ ಬೆರಳಲ್ಲಿ ಮೆತ್ತಿ ಕಳಿಸುತ್ತಾರೆ. ಇವರದು ಡ್ರಾಯಿಂಗ್ ಪೇಪರಿನ ಕೆಲಸ. ಹಿಂದೊಮ್ಮೆ ಉತ್ಸಾಹ ತಡೆಯಲಾರದೆ ಕಬ್ಬಿನ ಲಾರಿಯ ಡ್ರೈವರೊಬ್ಬನ ಬೆನ್ನಿನ ಮೇಲೆ ಗೆರೆಯ ಜೊತೆ ಹೆಡೆಯನ್ನೂ ಬರೆದುಬಿಟ್ಟಿದ್ದರಂತೆ. ಅವನು ಮನೆಗೆ ಹೋಗಿ ಅಂಗಿ ಬಿಚ್ಚಿದ್ದಕ್ಕೆ ಅವನ ಹೆಂಡತಿ ಕಿರುಚಿಕೊಂಡು ಬೀದಿಗೆ ಬಂದಳಂತೆ. ಆಮೇಲೆ ಬರೀ ಗೆರೆ.

ಅವ್ವನಿಗೆ ವಾಸಿಯಾಯಿತು. ಆಗುವಂಥದ್ದೇ, ಬಹಳ ಜನಕ್ಕೆ ಅದು ತಾನಾಗೇ ಆಗುತ್ತದೆ. ಮೈಸೂರಿನಲ್ಲಿ ಕಾನೂನು ಓದುವಾಗ ಮೂಢನಂಬಿಕೆಯ ಮೇಲೆ ಮಾತಾಡಿ ಕಪ್ಪು ಗೆದ್ದು, ಆ ಕಪ್ಪು ಸಮೇತ ನಾನು ಮೇಷ್ಟ್ರ ಜಗಲಿಗೆ ಹೋದೆ. ಅಷ್ಟರಲ್ಲಿ ಅವರು ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು; ಮಕ್ಕಳಿರಲಿಲ್ಲ.

"ಭಾಷಣ ಮುಗಿಯೋ ಹೊತ್ತಿಗೆ ಸರಿಯಾಗಿ ಗಂಟೆ ಹೊಡೆದು, ನನ್ನ ಗಂಟೆಯಿಂದಲೇ ಭಾಷಣ ಮುಗೀತು ಅಂದಂಗಾಯ್ತು ನಿಮ್ಮ ಬೇಲಿ" ಎಂದೆ.

ಮೇಷ್ಟ್ರು ಕೆಮ್ಮು ಬರುವಷ್ಟು ನಕ್ಕರು. ಕಣ್ಣು ಒರೆಸಿಕೊಂಡು, "ಇದ ಮೊದ್ಲೇ ಏಳಿದ್ರೆ ನಿಂಗೆ ಇನ್ನೊಂದ್ ನಿಮಿಷ ಬುಡ್ತಿದ್ದೆ. ಅಂಗಾದ್ರೆ ಗಂಟೇನೇ ಬ್ಯಾಡ್ವಾ?" ಎಂದರು.

"ಬೇಡ. ಅದರಿಂದ ಜನ ಆಸ್ಪತ್ರೆಗೆ ಹೋಗೋದು ತಡ ಆಗುತ್ತೆ. ಮೊದಮೊದಲಲ್ಲೇ ಮಾತ್ರೆ ತಗೊಂಡ್ರೆ ನೋವು ಕಮ್ಮಿ. ಕಣ್ಣಿನ ಹತ್ತಿರ ಎದ್ದರಂತೂ ದೃಷ್ಟಿಗೇ ಅಪಾಯ."

"ಆಸ್ಪತ್ರೆಗೂ ಓಗಿ ಅಂತ ನಾನೂ ಏಳ್ತೀನಿ ಕಣಮ್ಮಿ. ಓಯ್ತಾರೋ ಬುಡ್ತಾರೋ."

"ಹೇಳೋದಲ್ಲ. ಬರೆಯೋಲ್ಲ ಅನ್ನಿ, ಆಗ ಹೋಗ್ತಾರೆ."

ಮೇಷ್ಟ್ರು ಎದ್ದು ಕಾಫಿ ಮಾಡಿದರು. ಭಾನುವಾರ ಮತ್ತೆ ಬಾ, ಉತ್ತರ ಯೋಚಿಸಿ ಇಟ್ಟಿರುತ್ತೇನೆ ಎಂದರು. ನಾನು ಹೋದೆ; ಉತ್ತರ ಇರಲಿಲ್ಲ, ಕಾಫಿ ಇತ್ತು. ಹೀಗೇ ವರ್ಷಗಳು ನಡೆದವು. ಅವರ ಜಗಲಿಗೆ ಎರಡನೆಯ ಸಲ, ಮೂರನೆಯ ಸಲ ಬರುತ್ತಿದ್ದವಳು ನಾನೊಬ್ಬಳೇ ಎಂಬುದು ನನ್ನ ಗಮನಕ್ಕೆ ಬಂದದ್ದು ಯಾವಾಗ ಎಂದು ನೆನಪಿಲ್ಲ.

*

ಮೇಷ್ಟ್ರಿಗೇ ಸರ್ಪಸುತ್ತು ಎದ್ದಿತು. ಬಲತೋಳು, ಮೊಣಕೈಯಿಂದ ಮಣಿಕಟ್ಟಿನವರೆಗೆ. ಜಯಕ್ಕ ಫೋನು ಮಾಡಿ, "ಬಾ ತಾಯಿ, ನಿನ್ ಮಾತಾದ್ರೂ ಕೇಳ್ತಾರೇನೋ" ಎಂದರು. ನಾನು ಓಡಿದೆ. ಜಗಲಿಯಲ್ಲಿ ಮೇಷ್ಟ್ರು ಎಡಗೈಯಲ್ಲೇ ಕೆಮ್ಮಣ್ಣು ಕಲಸಿಕೊಂಡು ಕೂತಿದ್ದರು.

"ಬರಿ" ಎಂದು ಬ್ರಶ್ಶು ನನ್ನ ಕಡೆ ಚಾಚಿದರು.

"ನಾನಾ?"

"ಇನ್ಯಾರು? ನಂಗೆ ನಾನೇ ಬರ್ಕೊಳಂಗಿಲ್ಲ. ಜಯಮ್ಮನ ಕೇಳ್ದೆ."

"ಬಾಗ್ಲಿಗೆ ಒಂದೆಳೆ ರಂಗೋಲಿ ಬುಡಾಕೇ ನನ್ ಕೈಲಿ ಆಗಾಕಿಲ್ಲ" ಎಂದು ಜಯಕ್ಕ ಕಾಂಪೌಂಡಿನ ಆಚೆಯಿಂದಲೇ ಕೂಗಿದರು. "ಸರ್ಪನ್ ಕೆಲ್ಸ ಅದು, ನಾನೊಲ್ಲೆ."

"ನನಗೆ ಇದರಲ್ಲಿ ಎಳ್ಳಷ್ಟೂ ನಂಬಿಕೆ ಇಲ್ಲ ಮೇಷ್ಟ್ರೇ. ನಿಮಗೇ ಗೊತ್ತು."

"ನಂಬ್ಕೆ ಯಾರ್ ಕೇಳುದ್ರು? ಗೆರೆ ಕೇಳ್ದೆ."

ಮೊದಲು ಡಾಕ್ಟರು, ಆಮೇಲೆ ಗೆರೆ ಎಂದು ಕರಾರು ಹಾಕಿದೆ. ಒಪ್ಪಿದರು. ಮಾತ್ರೆ ಬರೆಸಿಕೊಂಡು ಬಂದು, ಮೊದಲನೆಯದನ್ನು ನನ್ನೆದುರೇ ನುಂಗಿ, ತೋಳು ಚಾಚಿದರು. ನಾನು ಬ್ರಶ್ಶು ಹಿಡಿದೆ.

"ಅಂಗಲ್ಲ, ಪೆನ್ನು ಇಡ್ದಂಗೆ ಇಡೀಬ್ಯಾಡ. ಒಸಿ ಮೇಲ್ ಇಡ್ಕೊ. ಗೆರೆ ನೋಡ್ಬ್ಯಾಡ, ಗೆರೆ ಓಗಿ ಸೇರ್ಬೇಕಾದ ಜಾಗ ನೋಡು. ಊಂ... ಇಲ್ಲಿ ಮೂಳೆ ಅದೆ, ಸುತ್ಕೊಂಡ್ ಬಾ... ಸೇರ್ಸು, ಎರಡ್ ತುದೀನೂ ಸೇರ್ಸು."

ಅವರ ತೋಳು ಬಿಸಿಯಾಗಿತ್ತು. ಗೆರೆ ಮುಗಿದಾಗ ಅದನ್ನು ಬೆಳಕಿಗೆ ತಿರುಗಿಸಿ, ಮಕ್ಕಳ ಚಿತ್ರ ನೋಡುವಂತೆ ಕಣ್ಣು ಕಿರಿದು ಮಾಡಿ ನೋಡಿದರು. "ಪರ್ವಾಗಿಲ್ಲ" ಎಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಮೆಚ್ಚುಗೆ ಇಡೀ ಹೈಸ್ಕೂಲಿನಲ್ಲಿ ಯಾರಿಗೂ ಸಿಕ್ಕಿರಲಿಲ್ಲ.

ಗುಳ್ಳೆ ಒಣಗಿತು, ಹಕ್ಕಳೆ ಉದುರಿತು, ಕಲೆ ಉಳಿಯಿತು. ಮಾತ್ರೆಯ ಗುಣ ಎಂದೆ ನಾನು, ಬೇಲಿಯ ಗುಣ ಎಂದರು ಜಯಕ್ಕ. ಮೇಷ್ಟ್ರು ಇಬ್ಬರಿಗೂ ತಲೆಯಾಡಿಸಿದರು. ಜನ ಮತ್ತೆ ಬರತೊಡಗಿದರು, ಮೇಷ್ಟ್ರು ಬರೆಯತೊಡಗಿದರು. ಒಂದೇ ಬದಲಾವಣೆ: ಡಾಕ್ಟರ ಚೀಟಿ ತೋರಿಸದವರಿಗೆ ಬ್ರಶ್ಶು ಮುಟ್ಟುತ್ತಿರಲಿಲ್ಲ. ನನ್ನ ಜೀವಮಾನದ ವಾದಗಳಲ್ಲಿ ನಿಜವಾಗಿ ಗೆದ್ದದ್ದು ಅದೊಂದೇ.

ಕೆಲವು ತಿಂಗಳು ಕಳೆದವು. ವಾಸಿಯಾದ ಅದೇ ಕಲೆಗಳ ಮೇಲೆ, ಬೇರೆಲ್ಲೂ ಅಲ್ಲ, ಮೆಣಸುಕಾಳಿನಂಥ ಗಟ್ಟಿ ಗುಳ್ಳೆಗಳು ಎದ್ದವು. ನೋವಿಲ್ಲ, ಕಡಿತವಿಲ್ಲ, ನೀರಿಲ್ಲ. ಒಂದರ ಪಕ್ಕ ಒಂದು ಕೂತು ಉಂಗುರಗಳಾದವು. ಮೆಡಿಕಲ್ ಶಾಪಿನವನು ಹುಳುಕಡ್ಡಿ ಎಂದು ಮುಲಾಮು ಕೊಟ್ಟ. ಉಂಗುರಗಳು ಜಗ್ಗಲಿಲ್ಲ. ಹಳೆಯ ಸರ್ಪಸುತ್ತಿನ ಜಾಗಕ್ಕೆ ಬಟ್ಟೆ ತಾಗಿದರೆ ಇನ್ನೂ ಚುರುಗುಟ್ಟುತ್ತಿದ್ದುದರಿಂದ ಮೇಷ್ಟ್ರು ಅಂಗಿಯ ಬಲತೋಳನ್ನು ಯಾವಾಗಲೂ ಮಡಚಿಯೇ ಇಟ್ಟಿರುತ್ತಿದ್ದರು. ಉಂಗುರಗಳು ಎಲ್ಲರಿಗೂ ಕಾಣುತ್ತಿದ್ದವು. ಅದೂ ಬರೆಯುವ ಕೈ.

ಮೊದಲು ಬಾಯಿಬಿಟ್ಟವರು ಜಯಕ್ಕ. "ಆವು ಓಗಿಲ್ಲ ಮೇಷ್ಟ್ರೇ. ಸಿಂಬೆ ಸುತ್ಕಂಡು ಮನಿಕ್ಕಂಡದೆ."

ಉಂಗುರದ ಆಕಾರವೇ ಸಾಕ್ಷಿಯಾಯಿತು. ಉದ್ದಕ್ಕೆ ಹರಿಯುವ ಹಾವು ಬೇಲಿ ಕಂಡು ಮುಂದೆ ಹೋಗಲಾರದೆ ಅಲ್ಲೇ ಸುತ್ತಿಕೊಂಡಿದೆ ಎಂದರು ಕೆಲವರು. ಮೊಟ್ಟೆ ಇಟ್ಟಿದೆ ಎಂದರು ಇನ್ನು ಕೆಲವರು. ಹಾವು ಗೀವು ನಂಬದ ಬುದ್ಧಿವಂತರು ಕುಷ್ಠ ಎನ್ನಲಾರದೆ ದನಿ ತಗ್ಗಿಸಿ "ದೊಡ್ಡರೋಗ ಇರ್ಬೋದು" ಎಂದರು. ಜಗಲಿಗೆ ಬಂದವರು ತೋಳು ನೋಡಿ, "ಮುಂದಿನ ವಾರ ಬತ್ತೀವಿ" ಎಂದು ಹೋದರು, ಬರಲಿಲ್ಲ. ಬಸ್‌ಸ್ಟ್ಯಾಂಡಿನ ಹೋಟ್ಲಿನವನು ಮೇಷ್ಟ್ರಿಗೆ ಗಾಜಿನ ಲೋಟದ ಬದಲು ಪೇಪರ್ ಕಪ್ಪಿನಲ್ಲಿ ಕಾಫಿ ಕೊಡತೊಡಗಿದ.

"ಪಾರ್ಸಲ್ಲಾ ಸಾ ಅಂದ. ಇಲ್ಲೇ ಕುಡಿತೀನಿ ಕಣಪ್ಪ ಅಂದೆ. ಊಂ ಊಂ ಅಂತ ಕಪ್ಪಲ್ಲೇ ಕೊಟ್ಟ" ಎಂದು ನನಗೆ ಹೇಳಿದರು. ಹೇಳಿ, "ಬಿಸಿ ಚೆನ್ನಾಗ್ ನಿಲ್ತದೆ ಕಪ್ಪಲ್ಲಿ" ಎಂದೂ ಸೇರಿಸಿದರು.

*

ಮೈಸೂರಿಗೆ ಕರೆದುಕೊಂಡು ಹೋದೆ. ಚರ್ಮದ ಡಾಕ್ಟರಮ್ಮ ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಕೈಗವಸು ಕೂಡ ಹಾಕಿಕೊಳ್ಳದೆ ತೋಳನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಒತ್ತಿ ನೋಡಿದರು. ಕಣ್ಣು ಮುಚ್ಚಿ, ತಾಗಿದಲ್ಲಿ ಹೇಳಿ ಎಂದು ಹತ್ತಿಯ ಎಳೆಯಿಂದ ಮೃದುವಾಗಿ ಮುಟ್ಟುತ್ತಾ ಹೋದರು.

"ಅಲ್ಲಿ. ಊಂ, ಅಲ್ಲಿ. ಅಲ್ಲೂ. ಈಗ ಮಣಿಕಟ್ಟಿನ ತಾವ."

ಪರೀಕ್ಷೆ ಮುಗಿದು ಡಾಕ್ಟರು ಕುರ್ಚಿಗೆ ಮರಳಿ ಬರೆಯತೊಡಗಿದ್ದರು. ಮೇಷ್ಟ್ರು ಮಾತ್ರ ಕಣ್ಣು ತೆರೆಯಲಿಲ್ಲ. ತೋಳು ಚಾಚಿಕೊಂಡೇ ಕೂತಿದ್ದರು. ನಾನು ಭುಜ ಮುಟ್ಟಿ ಹೇಳಬೇಕಾಯಿತು.

ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ಮೇಲೆ ಡಾಕ್ಟರು ಹೇಳಿದ್ದು ಇಷ್ಟು: ಇದು ಕುಷ್ಠವಲ್ಲ. ಹುಳುಕಡ್ಡಿಯಲ್ಲ. ಅಂಟುವುದಿಲ್ಲ. ಸರ್ಪಸುತ್ತು ಮರುಕಳಿಸಿದ್ದೂ ಅಲ್ಲ. ಇದು ಬೇರೆಯದೇ ಕಾಯಿಲೆ, ಉಂಗುರದಂತೆ ಏಳುವುದೇ ಇದರ ಗುಣ. ಸರ್ಪಸುತ್ತು ವಾಸಿಯಾದ ಜಾಗದಲ್ಲೇ ಅದಕ್ಕೆ ಸಂಬಂಧವಿಲ್ಲದ ಇನ್ನೊಂದು ಚರ್ಮರೋಗ ಬಂದು ಕೂರುವುದುಂಟು. ಅಪರೂಪ, ಆದರೆ ಉಂಟು. ಹೆಚ್ಚಿನಂಶ ತಾನಾಗೇ ಹೋಗುತ್ತದೆ, ನಿಧಾನ.

"ಅಂದ್ರೆ ಅಳೇ ಆವಲ್ಲ?" ಎಂದರು ಮೇಷ್ಟ್ರು.

"ಹಾವೇ ಅಲ್ಲ ಸರ್."

"ಮತ್ಯಾಕೆ ಅದೇ ಜಾಗುಕ್ಕೆ ಬಂತು? ಇಷ್ಟ್ ದೊಡ್ಡ ಮೈ ಅದೆ."

"ಅಲ್ಲಿನ ನರ, ಅಲ್ಲಿನ ಕಾವಲು ಎರಡೂ ಆ ವೈರಾಣುವಿನಿಂದ ಏರುಪೇರಾಗಿರುತ್ತೆ ಅಂತ ಒಂದು ಊಹೆ. ಪೂರ್ತಿ ಗೊತ್ತಿಲ್ಲ ಸರ್."

ಹೊರಗೆ ಬಂದ ಮೇಲೆ ಮೇಷ್ಟ್ರು ಆ ಡಾಕ್ಟರನ್ನು ಹೊಗಳಿದ್ದೇ ಹೊಗಳಿದ್ದು. "ಗೊತ್ತಿಲ್ಲ ಅಂದ್ಬುಟ್ಟಳು ನೋಡು ಮಗಳು!" ನನಗೆ ರೇಗಿತು. ಗೊತ್ತಿಲ್ಲ ಎಂದವರಿಗೆ ಚರ್ಚಾಸ್ಪರ್ಧೆಯಲ್ಲಿ ಅಂಕ ಕಳೆಯುತ್ತಾರೆ. ಇನ್ನೊಂದು ಸಾಲು ಗಟ್ಟಿಯಾಗಿ ಹೇಳಿದ್ದರೆ ನನಗೆ ಪಾಂಡವಪುರದಲ್ಲಿ ವಾದಿಸುವುದು ಸುಲಭವಾಗುತ್ತಿತ್ತು. (ಉಂಗುರಗಳು ಆಕೆ ಅಂದಂತೆಯೇ ತಾವಾಗೇ ಹೋದವು. ಮಣ್ಣಿನ ದಿನ ತೋಳು ಎತ್ತಿ ನೋಡಿದೆ. ತಿಳಿಕಂದು ನೆರಳು ಬಿಟ್ಟರೆ ಏನೂ ಇರಲಿಲ್ಲ.)

ವರದಿ ಹಿಡಿದು ನೇರ ಜಯಕ್ಕನ ಮುಂದೆ ನಿಂತೆ. ಜಯಕ್ಕ ಹಸುವಿಗೆ ಹಿಂಡಿ ಕಲಸುತ್ತಿದ್ದರು. ಎಲ್ಲ ಕೇಳಿಸಿಕೊಂಡು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಹೇಳಿದರು:

"ಸರಿ ಕಣವ್ವ. ಆವಿಲ್ಲ ಅಂದ್ಕೋ. ಆವೇ ಇಲ್ದೆ ಇದ್ಮೇಲೆ ಇವ್ರ ಬೇಲಿ ಯಾರ್ಗೆ ಬೇಕು? ಜನ ಯಾಕ್ ಬರ್ಬೇಕು? ಇಲ್ಲ, ಆವು ಅದೆ ಅಂದ್ಕೋ. ಅದು ಇವ್ರ ತೋಳ್ಮೇಲೇ ಕುಂತದೆ. ಜನ ಯಾಕ್ ಬರ್ಬೇಕು?"

ಇದಕ್ಕೆ ನಾನು ಇಂದಿಗೂ ಉತ್ತರ ಕಂಡುಹಿಡಿದಿಲ್ಲ. ಕಪಾಟಿನ ತುಂಬ ಚರ್ಚಾಸ್ಪರ್ಧೆಯ ಕಪ್ಪುಗಳಿವೆ. ನಿಜ ಹೇಳಿದರೆ ಮೇಷ್ಟ್ರ ಕೈ ನಿರಪಾಯ, ಆದರೆ ಯಾರಿಗೂ ಬೇಡ. ಊರಿನ ಮಾತು ಹಿಡಿದರೆ ಆ ಕೈಗೆ ಶಕ್ತಿಯಿದೆ, ಆದರೆ ಮೈಲಿಗೆಯಾಗಿದೆ. ಎರಡು ದಾರಿಯೂ ಬರಿದಾದ ಜಗಲಿಗೇ ಬಂದು ನಿಲ್ಲುತ್ತಿದ್ದವು. ಬೇಲಿ ಬರೆಯುವುದು ನಿಲ್ಲಬೇಕೆಂದು ವರ್ಷಗಟ್ಟಲೆ ವಾದಿಸಿದವಳು ನಾನು. ಅದು ಸುಳ್ಳು ಕಾರಣಕ್ಕೆ ನಿಂತಿತು. ಅದನ್ನು ಗೆಲುವು ಎಂದು ಹೇಗೆ ಬರೆದುಕೊಳ್ಳಲಿ? ಭಾನುವಾರ ಹೋದರೆ ಮೇಷ್ಟ್ರು ಸ್ನಾನ ಮಾಡಿ, ಜಗಲಿ ಸಾರಿಸಿ, ಚಾಪೆ ಹಾಸಿ ಕೂತಿರುತ್ತಿದ್ದರು. ಕೆ.ಆರ್. ಪೇಟೆಯ ಬಸ್ಸು ಬಂದ ಸದ್ದಾದರೆ ಕತ್ತು ಎತ್ತುತ್ತಿದ್ದರು. ಬಸ್ಸಿನಿಂದ ಇಳಿದವರು ಬೇರೆ ಬೇರೆ ಬೀದಿಗೆ ಹೋಗುತ್ತಿದ್ದರು.

ದಾರಿ ಹುಡುಕಿದವರೂ ಜಯಕ್ಕನೇ. ಒಂದು ಶನಿವಾರ ಫೋನು ಮಾಡಿದರು.

"ಬೈಕಬ್ಯಾಡ ಮಗ. ಒಂದು ಐಡಿಯಾ ಅದೆ. ಮೇಷ್ಟ್ರು ಬೇಲಿ ಸುಳ್ಳಲ್ಲ, ಮೇಷ್ಟ್ರು ಕೈನೂ ಕೆಟ್ಟಿಲ್ಲ. ತಪ್ಪಾಗಿದ್ದು ನೀನ್ ಬರ್ದಿದ್ದು. ನಂಬ್ಕೆ ಇಲ್ದೋಳು ಬರ್ದೆ, ಸಂದಿ ಬುಟ್ಟೆ, ಆವು ಉಳ್ಕೊಂತು. ಅಷ್ಟೇಯ. ನಮ್ ತವರು ನಾಗಮಂಗಲದ ಕಡೇಲಿ ಒಬ್ಬ ಅಜ್ಜಿ ಬರೀತಾರೆ, ಅವ್ರ ಕೈಲಿ ಮೇಷ್ಟ್ರಿಗೆ ಇನ್ನೊಂದ್ಸಲ ಬರ್ಸುದ್ರೆ ಆಯ್ತು. ನಾಳೆ ಅಲ್ಲಿಂದ್ಲೇ ನಮ್ಮೋರು ಒಬ್ರುನ್ನ ಕರ್ಕಂಡ್ ಬತ್ತಾವ್ರೆ, ಎಂಗ್ಸಿಗೆ ಭುಜದ ಮೇಲೆ ಎದ್ದದೆ. ಬೀದಿಯೋರೂ ನಾಕ್ ಜನ ಇರ್ತಾರೆ. ಅವ್ರ ಮುಂದೆ ಮೇಷ್ಟ್ರು ಒಂದೇ ಮಾತು ಅನ್ಬೇಕು, ಆ ಉಡ್ಗಿ ಗೆರೆ ಸರಿಗಿರ್ಲಿಲ್ಲ ಅಂತ. ಜನ ತಿರ್ಗಾ ಬತ್ತಾರೆ."

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಅಂದೇ ಸಂಜೆ ಮೇಷ್ಟ್ರ ಮನೆಗೆ ಹೋಗಿ, "ನನ್ನ ಮೇಲೆ ಹಾಕಿಬಿಡಿ" ಎಂದೆ.

"ನಿಂಗ್ ಕೆಟ್ಟೆಸ್ರು ಬರಾಕಿಲ್ವಾ?"

"ಹಾವನ್ನ ಬಿಟ್ಟವಳು ಅಂತ ತಾನೇ? ಕೋರ್ಟಲ್ಲಿ ಅದರಿಂದ ಕಕ್ಷಿದಾರರು ಜಾಸ್ತಿ ಆಗ್ತಾರೆ."

ನಗಲಿಲ್ಲ ಅವರು. "ಸುಳ್ಳಲ್ವಾ ಅದು?"

"ನನ್ನ ಪ್ರಕಾರ ಯಾವ ಗೆರೆಯೂ ಯಾವ ರೋಗವನ್ನೂ ತಡೆಯೋಲ್ಲ ಮೇಷ್ಟ್ರೇ. ಸರಿ ಇದ್ದರೆಷ್ಟು, ಸೊಟ್ಟ ಇದ್ದರೆಷ್ಟು? ಅಂದುಬಿಡಿ. ಡಾಕ್ಟರ ಚೀಟಿಯ ಕರಾರು ಹಾಗೇ ಇಟ್ಟುಕೊಳ್ಳಿ, ಯಾರಿಗೂ ಕೆಡುಕಾಗೋಲ್ಲ."

"ನೀನಾ ಇಂಗೆ ಅಂತಿರೋದು?" ಎಂದು ನನ್ನನ್ನೇ ನೋಡಿದರು. ಆಮೇಲೆ, "ಊಂ, ನೋಡಾನ" ಎಂದರು.

*

ಭಾನುವಾರ ಜಗಲಿ ತುಂಬಿತ್ತು. ನಾಗಮಂಗಲದ ಕಡೆಯ ಹೆಂಗಸು ಭುಜದ ಮೇಲೆ ಸೆರಗು ತಾಗದಂತೆ ಎತ್ತಿ ಹಿಡಿದು ಚಾಪೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಅವಳ ಅಣ್ಣ. ಬೀದಿಯ ಹಿರಿಯರು ಗೋಡೆಗೆ ಒರಗಿದ್ದರು. ಅಷ್ಟು ಜನರನ್ನು ಒಟ್ಟಿಗೆ ಕಂಡು ಮೇಷ್ಟ್ರ ಮುಖ ಅರಳಿತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿ, ಅದರ ಬಲತೋಳು ಮಡಚಿ ಬಂದು ಕೂತರು. ಎಲ್ಲರಿಗೂ ತಾವೇ ನೀರು ತಂದು ಕೊಟ್ಟರು. ಯಾರೂ ಕುಡಿಯಲಿಲ್ಲ, ಲೋಟ ಮಾತ್ರ ಹಿಡಿದುಕೊಂಡರು. ಕೇಳಬೇಕಾದ ಮಾತು ಇನ್ನೂ ಕೇಳಿರಲಿಲ್ಲವಲ್ಲ.

ಜಯಕ್ಕ ನನಗಿಂತ ಚೆನ್ನಾಗಿ ವಕಾಲತ್ತು ಮಾಡಿದರು. "ಉಡ್ಗಿ ಇಲ್ಲೇ ಅವ್ಳೆ. ಅವ್ಳೇ ಒಪ್ಕಂಡವ್ಳೆ. ಏನವ್ವ?"

"ಹೌದು" ಎಂದೆ. "ನನ್ನ ಕೈ ನಡುಗಿತು. ಗೆರೆ ಸರಿಯಾಗಿ ಕೂಡಲಿಲ್ಲ."

"ಕೇಳುದ್ರಾ? ಇನ್ ಮೇಷ್ಟ್ರೂ ಒಂದ್ ಮಾತು ಏಳ್ಬುಡ್ಲಿ, ಮುಗೀತು."

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಅವರು ತಮ್ಮ ತೋಳನ್ನು ಬೆಳಕಿಗೆ ಹಿಡಿದು, ಇಲ್ಲದ ಆ ಗೆರೆ ಇನ್ನೂ ಅಲ್ಲಿದೆಯೇನೋ ಎಂಬಂತೆ ಮೊಣಕೈಯಿಂದ ಮಣಿಕಟ್ಟಿನವರೆಗೆ ನೋಡಿದರು.

"ಇಲ್ಲ" ಎಂದರು. "ಗೆರೆ ಸರ್ಯಾಗಿತ್ತು."

"ಮೇಷ್ಟ್ರೇ!" ಎಂದರು ಜಯಕ್ಕ.

"ಸಂದಿ ಇರ್ನಿಲ್ಲ ಜಯಮ್ಮ. ಎರಡ್ ತುದೀನೂ ಕೂಡಿತ್ತು. ನಾನ್ ನೋಡಿವ್ನಿ. ನಾನೇ ಎಳ್ದಿದ್ರೂ ಅದ್ಕಿಂತ ಚೆನ್ನಾಗ್ ಎಳೀತಿರ್ನಿಲ್ಲ."

ಆ ಹೆಂಗಸಿನ ಅಣ್ಣ ಕೇಳಿದ, "ಅಂಗಾದ್ರೆ ಅದು ಎಂಗ್ ಬಂತು ಸಾ?"

"ಗೊತ್ತಿಲ್ಲ ಕಣಪ್ಪ. ಬೇಲಿ ಚೆನ್ನಾಗಿತ್ತು, ಆದ್ರೂ ಬಂತು. ಬೇಲಿಗೂ ಇದ್ಕೂ ಸಂಬಂಧ ಇಲ್ಲ ಅಂತ ಕಾಣ್ತದೆ. ನೀವು ಇಲ್ಲಿ ಕೂರ್ಬ್ಯಾಡಿ. ಆಸ್ಪತ್ರೆಗೋಗಿ, ಇವತ್ತೇ ಓಗಿ. ತಂಗೀನ ಬಸ್ಸಲ್ಲಿ ನಿಲ್ಸ್‌ಬ್ಯಾಡ, ಭುಜ ಯಾರ್ಗಾದ್ರೂ ತಾಗುದ್ರೆ ಜೀವ ಓಯ್ತದೆ."

ಬಂದವರೆಲ್ಲ ಲೋಟಗಳನ್ನು ನೀರಿನ ಸಮೇತ ಜಗಲಿಯ ಅಂಚಿಗೆ ಇಟ್ಟು ಒಬ್ಬೊಬ್ಬರಾಗಿ ಎದ್ದರು. ಹೆಂಗಸು ಸೆರಗು ಎತ್ತಿ ಹಿಡಿದುಕೊಂಡೇ ಅಣ್ಣನ ಹಿಂದೆ ಮೆಟ್ಟಿಲಿಳಿದಳು. ಜಯಕ್ಕ ಕಾಂಪೌಂಡಿನ ಆಚೆ ಹೋಗಿ ಹಸುವಿಗೆ ಬೈಯತೊಡಗಿದರು. ಹಸು ಏನೂ ಮಾಡಿರಲಿಲ್ಲ.

"ಯಾಕೆ ಹಾಗಂದ್ರಿ?" ಎಂದೆ. ನನ್ನ ದನಿ ಏರಿತ್ತು. "ಒಂದೇ ಒಂದು ಮಾತು ಮೇಷ್ಟ್ರೇ!"

ಅವರು ಚಾಪೆಯ ಮೇಲೆ ಬಿದ್ದಿದ್ದ ಸುಕ್ಕುಗಳನ್ನು ಅಂಗೈಯಿಂದ ಸಮ ಮಾಡಿದರು. ಆ ಹೆಂಗಸು ಕೂತಿದ್ದ ಜಾಗವನ್ನು ನನಗೆ ತೋರಿಸಿದರು.

"ಕೂತ್ಕೋ ಅಮ್ಮಿ. ಇನ್ ಯಾರೂ ಬರಾಕಿಲ್ಲ. ಅದೇನ್ ವಾದ ಮಾಡ್ತಿದ್ಯೋ ಇವತ್ತು ಪೂರ್ತಿ ಮಾಡು. ಕೇಳ್ತೀನಿ."

ನಾನು ಕೂತೆ. ಅದೇ ಜಗಲಿಯಲ್ಲಿ ಎಷ್ಟು ಭಾನುವಾರ ಆಡಿದ ಮಾತುಗಳು, ನೀರು ಕುಡಿದಷ್ಟು ಸಲೀಸಾಗಿ ಬರುತ್ತಿದ್ದವು. ಅಂದು ಒಂದೂ ನಾಲಗೆಗೆ ಬರಲಿಲ್ಲ. ಬೇಲಿಗೂ ರೋಗಕ್ಕೂ ಸಂಬಂಧವಿಲ್ಲವೆಂದು ಅವರು ಒಪ್ಪಿಕೊಂಡಾಗಿತ್ತು. ಒಪ್ಪಿಕೊಂಡವರ ಎದುರು ಹೇಗೆ ಮಾತಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಮೇಷ್ಟ್ರು ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದರು.